ಚರ್ಚ್ ಹಾಲಿನಲ್ಲಿ ಅಪ್ಪ ಅಮ್ಮಂದಿರ ತರಗತಿ



ಮಗುವಿಗೆ ಜ್ವರ ಬಂದರೆ ಎಲ್ಲಿಗೆ ಓಡಬೇಕೆಂದು ನಿಮಗೆ ಗೊತ್ತು. ಆದರೆ ಮೊಬೈಲ್ ಕಿತ್ತುಕೊಂಡ ಕೂಡಲೇ ಆರು ವರ್ಷದ ಮಗ ನೆಲಕ್ಕೆ ಬಿದ್ದು ಹೊರಳಾಡಿದರೆ ಯಾರನ್ನು ಕೇಳುತ್ತೀರಿ? ಹದಿಮೂರರ ಮಗಳು ವಾರದಿಂದ ಸರಿಯಾಗಿ ಮಾತಾಡದಿದ್ದರೆ? ಊರಲ್ಲಾಗಿದ್ದರೆ ಅಜ್ಜಿಯೋ ದೊಡ್ಡಮ್ಮನೋ ಇರುತ್ತಿದ್ದರು. ಮುಂಬೈಯ ಒಂದು ಖೋಲಿಯಲ್ಲಿ, ಅಪ್ಪನಿಗೆ ನೈಟ್ ಶಿಫ್ಟ್, ಅಮ್ಮನಿಗೆ ನಾಲ್ಕು ಮನೆ ಕೆಲಸ ಇರುವಾಗ, ಅಜ್ಜಿ ವಿಡಿಯೋ ಕಾಲ್‌ನಲ್ಲಿ ಮಾತ್ರ ಸಿಗುತ್ತಾರೆ.

ಬೀದರ್, ಕಲಬುರಗಿ, ಯಾದಗಿರಿ ಕಡೆಯಿಂದ ಬಂದವರ ಕನ್ನಡ ಸಭೆಗಳು ಮುಂಬೈ, ಪುಣೆಗಳಲ್ಲಿವೆ. ಭಾನುವಾರ ಬಿಟ್ಟರೆ ಆ ಹಾಲುಗಳು ಬಹುಪಾಲು ಖಾಲಿ. ಅಲ್ಲಿ ಪೇರೆಂಟಿಂಗ್ ಕೋರ್ಸ್ ನಡೆಯಬೇಕು ಎಂಬುದು ನನ್ನ ಅಭಿಪ್ರಾಯ. ಇದು ಹೊಸ ಯೋಚನೆಯೇನಲ್ಲ. ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಚರ್ಚಿನಲ್ಲಿ ನಿಕಿ ಲೀ, ಸಿಲಾ ಲೀ ದಂಪತಿ ರೂಪಿಸಿದ ಕೋರ್ಸ್ ಅನೇಕ ದೇಶಗಳಲ್ಲಿ ನಡೆಯುತ್ತಿದೆ. ಅದರ ಕ್ರಮ ಸರಳ: ಒಟ್ಟಿಗೆ ಊಟ ಅಥವಾ ಚಹಾ, ಒಂದು ಚಿಕ್ಕ ಮಾತು, ಆಮೇಲೆ ಸಣ್ಣ ಗುಂಪಿನಲ್ಲಿ ಹರಟೆ. ನನ್ನನ್ನು ಕೇಳಿದರೆ ಆ ಹರಟೆಯೇ ಮದ್ದು. "ನಮ್ಮ ಮನೇಲೂ ಹೀಗೇ ರೀ" ಎಂದು ಪಕ್ಕದವರು ಹೇಳಿದಾಗ ಅರ್ಧ ಭಾರ ಇಳಿಯುತ್ತದೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಪೋಷಕರಿಗೆ ಇಂಥ ತರಬೇತಿ ಸಿಗಬೇಕೆಂದು ಮಾರ್ಗಸೂಚಿ ಹೊರಡಿಸಿದೆ.

ಆದರೆ ಸಭೆಯವರಿಗಷ್ಟೇ ಮಾಡುವುದಾದರೆ ಅರ್ಧ ಕೆಲಸ. ಎದುರಿನ ಚಾಳಿನ ಲಕ್ಷ್ಮಿಯಕ್ಕನಿಗೂ ಫಾತಿಮಾ ಆಂಟಿಗೂ ಇದೇ ಚಿಂತೆ. ಅವರನ್ನು ಕರೆದಾಗ "ಮತ ಬದಲಿಸಲು ಕರೀತಾರೆ" ಎಂಬ ಗುಸುಗುಸು ಬರುತ್ತದೆ, ಬರದೆ ಇರುವುದಿಲ್ಲ. ಅದಕ್ಕೆ ಉತ್ತರ ಭಾಷಣವಲ್ಲ, ನಡವಳಿಕೆ. ಕೋರ್ಸಿನಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂದು ಪೋಸ್ಟರಿನಲ್ಲೇ ಬರೆಯಿರಿ. ಪ್ರಾರ್ಥನೆ ಬೇಕಾದವರು ತರಗತಿ ಮುಗಿದ ಮೇಲೆ ಬೇರೆಯಾಗಿ ಮಾಡಲಿ. ಬಂದವರ ಫೋನ್ ನಂಬರನ್ನು ಕೂಟದ ಆಹ್ವಾನ ಕಳಿಸಲು ಬಳಸಬೇಡಿ. ಒಮ್ಮೆ ಬಳಸಿದರೆ ಮುಂದಿನ ವಾರ ಯಾರೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಇನ್ನು ಬೆತ್ತದ ವಿಷಯ. ಜ್ಞಾನೋಕ್ತಿಗಳ 13ನೇ ಅಧ್ಯಾಯ ತೋರಿಸಿ "ಹೊಡೆಯದಿದ್ದರೆ ಮಗು ಕೆಡುತ್ತದೆ" ಎನ್ನುವ ಹಿರಿಯರು ಪ್ರತಿ ಸಭೆಯಲ್ಲೂ ಇದ್ದಾರೆ. ಅವರಿಗೆ 23ನೇ ಕೀರ್ತನೆಯನ್ನು ನೆನಪಿಸಿ. ಅಲ್ಲಿ ಕುರುಬನ ಕೋಲು ಧೈರ್ಯ ಕೊಡುವ ವಸ್ತು, ನೋವು ಕೊಡುವುದಲ್ಲ. ಕುರಿ ಕಾಯುವ ಮನೆತನದಿಂದ ಬಂದವರು ನಮ್ಮಲ್ಲೇ ಇದ್ದಾರೆ, ಕುರಿಗೆ ದಿನಾ ಬಡಿಯುತ್ತಾರೆಯೇ ಎಂದು ಅವರನ್ನೇ ಕೇಳಿ. ಹೊಡೆತ ತಿಂದ ಮಕ್ಕಳಲ್ಲಿ ಸಿಟ್ಟು, ಭಯ, ಸುಳ್ಳು ಹೆಚ್ಚುತ್ತವೆ ಎಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ. ಟೀಚರ್ ಮಾಡಬಾರದ್ದನ್ನು ಮನೆಯಲ್ಲಿ ನಾವು ಮಾಡಬಹುದೇ? ಹಾಗಂತ ಬರೀ "ಹೊಡೆಯಬೇಡಿ" ಎಂದರೆ ಸಾಲದು, ಬದಲಿಗೆ ಏನು ಮಾಡಬೇಕೆಂದು ಕಲಿಸಬೇಕು. ಮಗು ಒಳ್ಳೆಯದು ಮಾಡಿದಾಗ ಅಲ್ಲೇ ಹೇಳುವುದು, ಎರಡೇ ನಿಯಮ ಇಟ್ಟು ಎರಡನ್ನೂ ಪಾಲಿಸುವುದು, ಸಿಟ್ಟು ಬಂದಾಗ ಮೊದಲು ದೊಡ್ಡವರು ಒಂದು ಲೋಟ ನೀರು ಕುಡಿಯುವುದು. ಇವನ್ನು ಹೇಳಿಕೊಟ್ಟರೆ ಆಗದು, ಗುಂಪಿನಲ್ಲಿ ಆಡಿ ತೋರಿಸಬೇಕು.

ನಗರದ ಕನ್ನಡದವರಿಗೆ ಇನ್ನೊಂದು ಮಾತು. ಮಗು ತಡವಾಗಿ ಮಾತಾಡಿದರೆ "ಮನೇಲಿ ಕನ್ನಡ ಬಿಡಿ, ಹಿಂದಿ ಅಥವಾ ಇಂಗ್ಲಿಷ್ ಮಾತ್ರ ಮಾತಾಡಿ" ಎಂದು ಸಲಹೆ ಕೊಡುವವರಿದ್ದಾರೆ. ಕೇಳಬೇಡಿ. ಎರಡು ಮೂರು ಭಾಷೆಯಿಂದ ಮಾತು ತಡವಾಗುವುದಿಲ್ಲ. ಎರಡು ವರ್ಷವಾದರೂ ಎರಡು ಪದ ಜೋಡಿಸದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿ ಪರೀಕ್ಷೆ ಮಾಡಿಸಿ. ಮೊಬೈಲ್ ಎಷ್ಟು ಕೊಡುತ್ತೀರಿ ಎಂದೂ ನೋಡಿಕೊಳ್ಳಿ. ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎನ್ನುತ್ತದೆ ಭಾರತೀಯ ಮಕ್ಕಳ ವೈದ್ಯರ ಸಂಘ.

ಅಪ್ಪಂದಿರು ಬರುವುದಿಲ್ಲ ಎಂಬ ದೂರು ಎಲ್ಲ ಕಡೆ ಇದೆ. ಮಹಿಳಾ ಸಂಘದ ಹೆಸರಿನಲ್ಲಿ ಕರೆದರೆ ಅವರು ಹೇಗೆ ಬಂದಾರು? ಆರಾಧನೆ ಮುಗಿದ ಕೂಡಲೇ ಉಪ್ಪಿಟ್ಟು, ಚಹಾ ಇಟ್ಟು, ಒಬ್ಬ ಗಂಡಸಿನಿಂದಲೇ ನಡೆಸಿ. ತರಗತಿ ನಡೆಯುವಾಗ ಮಕ್ಕಳನ್ನು ನೋಡಿಕೊಳ್ಳಲು ಯಾವಾಗಲೂ ಇಬ್ಬರು ದೊಡ್ಡವರಿರಲಿ, ಕೋಣೆಯ ಬಾಗಿಲು ತೆರೆದಿರಲಿ. ಇದರಲ್ಲಿ ಪರಿಚಯ, ದಾಕ್ಷಿಣ್ಯ ನೋಡಬೇಡಿ.

ಗುಂಪಿನಲ್ಲಿ ಕೇಳಿದ್ದು ಗುಂಪಿನಲ್ಲೇ ಇರಬೇಕು, ಒಂದನ್ನು ಬಿಟ್ಟು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಪಾಸ್ಟರ್ ಆಗಲಿ ಹಿರಿಯರಾಗಲಿ "ಒಳಗೇ ಸರಿಮಾಡೋಣ" ಎನ್ನುವಂತಿಲ್ಲ. ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿಬಿಡಿ. ಗೋಡೆಯ ಮೇಲೆ ಎರಡು ನಂಬರ್ ದೊಡ್ಡದಾಗಿ ಬರೆದಿಡಿ: ಮಕ್ಕಳ ಸಹಾಯವಾಣಿ 1098, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ.

ಐದಾರು ಕುಟುಂಬ ಸಿಕ್ಕರೆ ಶುರು ಮಾಡಿ. ಹಾಲಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಈ ಭಾನುವಾರವೇ ಕೇಳಿ.