ಅಡಿಗೆಯ ಮನೆ: ಬೆರಿ ಹಣ್ಣಿನ ಕಾಬ್ಲರ್

ಅಮೆರಿಕಾದಲ್ಲಿ 19ನೆಯ ಶತಮಾನದಿಂದ ಬಳಕೆಯಲ್ಲಿರುವ ಕಾಬ್ಲರ್ ಎಂಬ ಸಿಹಿತಿಂಡಿಯ ಕ್ರಮವನ್ನು ಈ ಸಂಚಿಕೆಯಲ್ಲಿ ವಾಚಕರ ಮುಂದಿಡುತ್ತೇವೆ. ಇದರಲ್ಲಿ ಕಣಕವನ್ನು ಲಟ್ಟಿಸುವ ಶ್ರಮವಿಲ್ಲ. ಆದರೆ ಮೇಲ್ಗಡೆ ಹೊಂಬಣ್ಣಕ್ಕೆ ತಿರುಗಿದ ಕಣಕವು ಅಡಿಯಲ್ಲಿ ಹಸಿಯಾಗಿಯೇ ಉಳಿದು, ಅತಿಥಿಗಳೆದುರಿಗೆ ಗೃಹಿಣಿಯ ಮುಖವನ್ನು ಬಾಡಿಸುವುದುಂಟು. ತಣ್ಣಗಿರುವ ಹಣ್ಣಿನ ಮೇಲೆ ಕಣಕವನ್ನಿಡುವುದೇ ಬಹುಮಟ್ಟಿಗೆ ಇದಕ್ಕೆ ಕಾರಣ.

ಆದುದರಿಂದ ಮೊದಲು ಹಣ್ಣನ್ನು ಕಾಯಿಸತಕ್ಕದ್ದು. ಬ್ಲೂಬೆರಿಯನ್ನೋ ಬ್ಲ್ಯಾಕ್‌ಬೆರಿಯನ್ನೋ 4 ಬಟ್ಟಲು ತೆಗೆದುಕೊಂಡು, ಅರ್ಧ ಬಟ್ಟಲು ಸಕ್ಕರೆ, 1 ದೊಡ್ಡ ಚಮಚ ಕಾರ್ನ್‌ಫ್ಲೋರ್, ಅರ್ಧ ನಿಂಬೆಯ ರಸ ಬೆರಸಿ, ಅಗಲವಾದ ಪಾತ್ರೆಯಲ್ಲಿ 190 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯೊಳಗೆ 15 ನಿಮಿಷವಿಡಬೇಕು. ಹಿಮಗಟ್ಟಿದ ಹಣ್ಣಾದರೆ ಇನ್ನೂ 10 ನಿಮಿಷ.

ಅಷ್ಟರಲ್ಲಿ 1 ಬಟ್ಟಲು ಮೈದಾಹಿಟ್ಟಿಗೆ ಒಂದೂವರೆ ಸಣ್ಣ ಚಮಚ ಬೇಕಿಂಗ್ ಪೌಡರ್, 2 ದೊಡ್ಡ ಚಮಚ ಸಕ್ಕರೆ, ಚಿಟಿಕೆ ಉಪ್ಪು ಸೇರಿಸಿ, 4 ದೊಡ್ಡ ಚಮಚ ತಣ್ಣನೆಯ ಬೆಣ್ಣೆಯನ್ನು ರವೆಯಂತಾಗುವವರೆಗೆ ಉಜ್ಜಬೇಕು. (ಬೆಣ್ಣೆಯಲ್ಲಿ ಜಿಪುಣತನ ಮಾಡುವವರಿಗೆ ನಾವು ಈ ತಿಂಡಿಯನ್ನು ಸೂಚಿಸೆವು.) ಹಣ್ಣು ಬಿಸಿಯಾದ ಮೇಲೆಯೇ ಹಿಟ್ಟಿಗೆ ಅರ್ಧ ಬಟ್ಟಲು ಹಾಲನ್ನು ಹಾಕಬೇಕು, ತೇವ ತಗಲಿದೊಡನೆ ಪೌಡರು ತನ್ನ ಕೆಲಸವನ್ನಾರಂಭಿಸುತ್ತದೆ. ನಾದಕೂಡದು. ನಾದಿದರೆ ಗಟ್ಟಿಯಾಗುವುದು. ಚಮಚದಿಂದ ಅಲ್ಲಲ್ಲಿ ಎಡೆಬಿಟ್ಟು ಇಟ್ಟರೆ, ಆವಿಯು ಆ ಸಂದುಗಳಿಂದ ಹೊರಡುತ್ತದೆ.

ಮತ್ತೆ ಸುಮಾರು 30 ನಿಮಿಷ ಬೇಯಲಿ. ಬಣ್ಣವೊಂದನ್ನೇ ನಂಬಲಾಗದು, ಪಾತ್ರೆಯ ನಡುವೆಯೂ ರಸ ಕುದಿಯಬೇಕು, ಇಲ್ಲವಾದರೆ ಕಾರ್ನ್‌ಫ್ಲೋರು ಬೇಯದೆ ರಸ ನೀರಾಗಿಯೇ ಉಳಿಯುವುದು. ಒಂದು ಉಂಡೆಯನ್ನೆತ್ತಿ ಅಡಿಯನ್ನು ನೋಡಿದರೆ ಸಂಶಯ ಪರಿಹಾರ. ಇಳಿಸಿದ ಮೇಲೆ 20 ನಿಮಿಷ ಆರಿಸಿ ಬಡಿಸಬೇಕು.

ರೇಷ್ಮೆಯ ಸೀಮೆಯ ವಾಚಕರು ಮಾಗಿದ ಹಿಪ್ಪುನೇರಳೆಯ ಹಣ್ಣನ್ನು ಬಳಸಬಹುದು. ಅದರಲ್ಲಿ ಹುಳಿ ಕಡಮೆ. ಇಡೀ ನಿಂಬೆಯನ್ನೇ ಹಿಂಡುವುದು.