ಹಲಗೆ ತೆಗೆಯುವವರು ಯಾರು?

ಮಳೆಗಾಲ ಬಂತೆಂದರೆ ಗಡಿಭಾಗದ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ದೂಧಗಂಗೆಯ ಮಲಿಕವಾಡ-ದತ್ತವಾಡ ಬಾಂದಾರ ಮುಳುಗಿತು, ಹಿರಣ್ಯಕೇಶಿಯ ನಿಲಜಿ, ಐನಾಪುರ, ನಾಂಗನೂರ ಬಾಂದಾರಗಳ ಮೇಲೆ ನೀರು ಹರಿಯಿತು, ಸಂಚಾರ ಬಂದ್. ಸುದ್ದಿ ತಿಳಿದ ಕೂಡಲೇ ಈ ದಂಡೆಯಿಂದ ಆ ದಂಡೆಗೆ ಫೋನ್ ಹೋಗುತ್ತದೆ. "ಅಕ್ಕಾ, ಈ ವಾರ ಬರಬ್ಯಾಡ, ಹೊಳಿ ಏರೇತಿ." ಅಲ್ಲಿಗೆ ಸೀಮಂತವೂ ಮುಂದಕ್ಕೆ, ಸಂತೆಯೂ ಮುಂದಕ್ಕೆ.

ನೀರು ಇಳಿದ ಮೇಲೆ ಬಾಂದಾರವನ್ನು ಎಲ್ಲರೂ ಮರೆಯುತ್ತಾರೆ. ಅದು ಮಳೆಗಾಲದಲ್ಲಿ ಮುಳುಗಲೆಂದೇ ಕಟ್ಟಿದ್ದು ಎಂಬುದು ಹೊಸ ತಲೆಮಾರಿನವರಿಗೆ ಅಷ್ಟಾಗಿ ಗೊತ್ತಿಲ್ಲ. ದೇಶದ ನೀರಾವರಿ ಇಲಾಖೆಗಳ ಕಾಗದಪತ್ರಗಳಲ್ಲಿ ಇದಕ್ಕಿರುವ ಹೆಸರೇ 'ಕೊಲ್ಹಾಪುರ ಮಾದರಿ ಬಂಧಾರೆ'. ಕೊಲ್ಹಾಪುರದ ಹೆಸರು ಚಪ್ಪಲಿಗೆ, ಬೆಲ್ಲಕ್ಕೆ, ಕುಸ್ತಿಗೆ ಅಂಟಿಕೊಂಡಿರುವುದು ಎಲ್ಲರಿಗೂ ಗೊತ್ತು. ಹೊಳೆಯ ನೀರು ನಿಲ್ಲಿಸುವ ಉಪಾಯಕ್ಕೂ ಅಂಟಿಕೊಂಡಿದೆ ಎನ್ನುವುದನ್ನು ಮಾತ್ರ ಯಾರೂ ಹೆಚ್ಚಾಗಿ ಹೇಳುವುದಿಲ್ಲ.

ಸಮಸ್ಯೆ ದಿನನಿತ್ಯದ್ದೇ. ನಾಲ್ಕು ತಿಂಗಳು ಹೊಳೆ ದಂಡೆ ಮೀರಿ ಹರಿಯುತ್ತದೆ, ಸಂಕ್ರಾಂತಿ ದಾಟಿದರೆ ಮರಳು ಕಾಣುತ್ತದೆ. ದೊಡ್ಡ ಆಣೆಕಟ್ಟೆ ಕಟ್ಟಲು ಕೋಟಿಗಟ್ಟಲೆ ಹಣ ಬೇಕು, ಊರುಗಳನ್ನೇ ಎಬ್ಬಿಸಬೇಕು. ಇದಕ್ಕೆ ಹೊಳೆದ ಉಪಾಯ ಸರಳವಾದದ್ದು. ಹೊಳೆಗೆ ಅಡ್ಡಲಾಗಿ ಸಾಲು ಕಂಬ ಕಟ್ಟುವುದು, ಕಂಬಗಳಲ್ಲಿ ಉದ್ದುದ್ದ ಗಾಡಿ ಕೊರೆಯುವುದು. ಮಳೆಗಾಲ ಮುಗಿದು ಅಕ್ಟೋಬರ್ ಬಂದಾಗ ಆ ಗಾಡಿಯಲ್ಲಿ ಒಂದರ ಮೇಲೊಂದು ಹಲಗೆ ಇಳಿಸುವುದು. ಮರಾಠಿಯಲ್ಲಿ ಇವೇ ಬರಗೆ. ಹಲಗೆಯ ಸಾಲು ಎರಡು, ನಡುವೆ ಮಣ್ಣು ತುಂಬಿದರೆ ಸೋರಿಕೆ ನಿಂತಿತು. ನೀರು ಹೊಳೆಯ ಪಾತ್ರದೊಳಗೇ ನಿಲ್ಲುವುದರಿಂದ ಒಬ್ಬರ ಹೊಲವೂ ಮುಳುಗುವುದಿಲ್ಲ. ರೈತರು ಪಂಪ್‌ಸೆಟ್ ಇಟ್ಟು ಕಬ್ಬಿಗೆ ನೀರು ಎತ್ತಿಕೊಳ್ಳುತ್ತಾರೆ. ಜೂನ್‌ಗೆ ಮೊದಲು ಹಲಗೆ ತೆಗೆದರೆ ಮಹಾಪೂರದ ನೀರು ಹೂಳನ್ನೂ ಹೊತ್ತುಕೊಂಡು ಹೋಗುತ್ತದೆ. ಮೇಲೊಂದು ಹಾಸು ಹಾಕಿದ್ದರಿಂದ ದಾರಿಯೂ ಆಯಿತು, ಬೀಗರೂರಿಗೆ ಹೋಗುವ ಹಾದಿ ಹತ್ತಿರವಾಯಿತು.

ಗಡಹಿಂಗ್ಲಜ ತಾಲೂಕಿನ ಹೊಳೆಸಾಲಿನ ಕನ್ನಡ ಊರುಗಳು ಬದುಕಿರುವುದೇ ಇದರ ಮೇಲೆ. ಆಜರಾ ತಾಲೂಕಿನ ಚಿತ್ರಿ ಧರಣದಿಂದ ಬಿಟ್ಟ ನೀರು ಹಿರಣ್ಯಕೇಶಿಯಲ್ಲಿ ಒಂದು ಬಾಂದಾರದಿಂದ ಮತ್ತೊಂದಕ್ಕೆ ಇಳಿಯುತ್ತಾ ಬರುತ್ತದೆ. ಮೇಲಿನ ಊರಿನವರು ಒಂದೆರಡು ಹಲಗೆ ಎತ್ತದಿದ್ದರೆ ಕೆಳಗಿನ ಊರಿನ ಬೆಳೆ ಒಣಗುತ್ತದೆ.

ಇಲ್ಲೇ ಇದರ ಮರ್ಮ ಇರುವುದು. ರಾಧಾನಗರಿ ಧರಣಕ್ಕೆ 7 ಸ್ವಯಂಚಾಲಿತ ಬಾಗಿಲುಗಳಿವೆ, ನೀರು ತುಂಬಿದರೆ ತಾವಾಗಿಯೇ ತೆರೆದುಕೊಳ್ಳುತ್ತವೆ. ಬಾಂದಾರಕ್ಕೆ ಆ ಭಾಗ್ಯವಿಲ್ಲ. ಅದಕ್ಕೆ ಮನುಷ್ಯರೇ ಬೇಕು. ಹಲಗೆ ಹಾಕುವುದು ತಡವಾದರೆ ನೀರು ಹೋಗಿಬಿಡುತ್ತದೆ. ತೆಗೆಯುವುದು ತಡವಾದರೆ ಕಸಕಡ್ಡಿ, ಮರದ ಬೊಡ್ಡೆ ಸಿಕ್ಕಿಕೊಂಡು ಹೊಳೆ ದಂಡೆಯನ್ನೇ ಕೊರೆಯುತ್ತದೆ. ಕಟ್ಟಿಗೆಯ ಹಲಗೆ ಕೊಳೆಯುತ್ತವೆ ಎಂದು ಕಬ್ಬಿಣದವು ಬಂದವು. ಅವುಗಳ ಮೇಲೆ ಗುಜರಿ ಕಳ್ಳರ ಕಣ್ಣು! ಜೂನ್ ತಿಂಗಳ ಲೆಕ್ಕವೂ ಈಗ ನಂಬುವಂತಿಲ್ಲ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಹಲಗೆ ತೆಗೆಯುವ ಗುತ್ತಿಗೆಯ ಕಾಗದ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುವಷ್ಟರಲ್ಲಿ ಮಳೆ ಬಂದು ನಿಂತಿರುತ್ತದೆ.

ಕೊಲ್ಹಾಪುರ ಸೀಮೆಗೆ ಉಪಾಯಗಳ ಬರವಿಲ್ಲ. ವಿದೇಶಿ ಕ್ಯಾಮೆರಾ ಕೊಳ್ಳುವ ಶಕ್ತಿಯಿಲ್ಲದ ಬಾಬುರಾವ್ ಪೇಂಟರ್ 1918ರಲ್ಲಿ ಶಿಷ್ಯ ದಾಮ್ಲೆಯವರ ಜತೆ ಸೇರಿ ತಾವೇ ಕ್ಯಾಮೆರಾ ಸಿದ್ಧಮಾಡಿದರು. ಅದು ಒಬ್ಬರ ಕಪಾಟಿನಲ್ಲಿ ಉಳಿಯಲಿಲ್ಲ. ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿಯಲ್ಲಿ ಕೆಲಸ ಕಲಿತ ಶಾಂತಾರಾಮ್, ದಾಮ್ಲೆ, ಫತ್ತೇಲಾಲ್ ಮುಂತಾದವರು 1929ರಲ್ಲಿ ಕೊಲ್ಹಾಪುರದಲ್ಲೇ ಪ್ರಭಾತ್ ಕಂಪನಿ ಕಟ್ಟಿದರು. ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರ್ ಹಾಕಿದ ಮೊದಲ ಯಂತ್ರಮಗ್ಗದ ಕಥೆಯೂ ಅಷ್ಟೇ. ಜಹಗೀರದಾರ ಘೋರ್ಪಡೆಯವರ ಬೆಂಬಲವೂ ಸಿಕ್ಕು, ಒಂದು ಮಗ್ಗ ಇಡೀ ಪಟ್ಟಣವಾಯಿತು. ಮುರಿದ ಭಾಗವನ್ನು ಊರಲ್ಲೇ ಕಡೆದು ಕೂಡಿಸುವ ಫಿಟ್ಟರ್, ಜಾಬರ್‌ಗಳು ಗಲ್ಲಿಗಲ್ಲಿಗೂ ತಯಾರಾದರು. ಕನ್ನಡ ಸೀಮೆಯಿಂದ ಹೊಟ್ಟೆಪಾಡಿಗೆ ಬಂದವರಿಗೂ ಅಲ್ಲಿ ಮಗ್ಗ ಸಿಕ್ಕಿತು, ಮನೆ ಸಿಕ್ಕಿತು.

ಅದೇ ಇಚಲಕರಂಜಿಯ ಮನೆಗಳಲ್ಲಿ ಇಂದು ಕಾಣುವುದು ಬೇರೆ ತರಹದ ಉಪಾಯ. ಬೇಸಿಗೆಯಲ್ಲಿ ನಳದ ನೀರು ಬರುವುದು ದಿನಗಳ ಅಂತರದಲ್ಲಿ. ಅಂಗಳದಲ್ಲಿ ಬ್ಯಾರಲ್, ಅಡಿಗೆಮನೆಯಲ್ಲಿ ಸಾಲು ಕೊಡ, ಮಾಳಿಗೆಯ ಮೇಲೆ ಟಾಕಿ. ಬಟ್ಟೆ ಒಗೆದ ನೀರು ಸಂಡಾಸಕ್ಕೆ. ಕುಡಿಯಲು ದುಡ್ಡು ಕೊಟ್ಟು ತಂದ ಕ್ಯಾನ್. ರಾತ್ರಿ ಎರಡಕ್ಕೆ ನಳ ಬಿಟ್ಟರೂ ಎದ್ದು ತುಂಬಿಸುವ ಹೆಣ್ಣುಮಕ್ಕಳ ಜಾಣತನಕ್ಕೆ ಕೈ ಮುಗಿಯಬೇಕು. "ಏನ್ ಮಾಡೂದ್ರೀ, ಹೆಂಗೋ ನಡಸ್ತೀವಿ" ಎಂಬ ಮಾತು ಮನೆಮನೆಯಲ್ಲೂ ಕೇಳುತ್ತದೆ. ಇಂಥದ್ದಕ್ಕೆ 'ಜುಗಾಡ್' ಎಂದು ಹೆಸರಿಟ್ಟು ಹೊಗಳುವುದು ಈಗ ಫ್ಯಾಶನ್ ಆಗಿದೆ.

ಆದರೆ ಈ ಹೊಗಳಿಕೆಯಲ್ಲಿ ಮೋಸವಿದೆ. ಪ್ರತಿ ಮನೆಯೂ ಹೇಗೋ ನಡೆಸುತ್ತಿದೆ ಎಂಬುದೇ ಆಡಳಿತಕ್ಕೆ ನೆಪವಾಗುತ್ತದೆ. ಟಾಕಿ ಕಟ್ಟಿಸಲಾಗದ ಬಾಡಿಗೆ ಮನೆಯ ಕೂಲಿಕಾರನಿಗೆ ಈ ಉಪಾಯವೂ ದಕ್ಕುವುದಿಲ್ಲ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿ ಜೀವಗಳು ಹೋದಾಗ ಕೊಡ, ಬ್ಯಾರಲ್ ಯಾವುದೂ ಕಾಪಾಡಲಿಲ್ಲ. ನಗರಕ್ಕೆ ನೀರು ತರಲು ವಾರಣಾ ಹೊಳೆ ನೋಡಿದರು, ದಾನೋಳಿಯವರು ಅಡ್ಡನಿಂತರು. ದೂಧಗಂಗೆಯ ಸುಳಕೂಡ ಯೋಜನೆ ಎಂದರು, ಕಾಗಲ ಭಾಗದ ರೈತರು ಬೇಡ ಎಂದರು. ಅವರದ್ದೂ ತಪ್ಪಲ್ಲ, ಅವರ ಬಾಂದಾರದಲ್ಲಿ ನಿಂತ ನೀರು ಅವರ ಕಬ್ಬಿನ ಜೀವ. ಊರ ಮಗ್ಗುಲಲ್ಲೇ ಪಂಚಗಂಗೆ ಹರಿಯುವಾಗ ದೂರದ ಹೊಳೆಗೆ ಕೊಳವೆ ಹಾಕಬೇಕಾಗಿ ಬಂದಿದ್ದೇಕೆ ಎಂಬುದು ನಿಜವಾದ ಪ್ರಶ್ನೆ.

ಉತ್ತರ ಶಿರೋಳ ತಾಲೂಕಿನ ತೇರವಾಡ ಬಾಂದಾರದಲ್ಲಿದೆ. ಬೇಸಿಗೆಯಲ್ಲಿ ಅಲ್ಲಿ ಸತ್ತ ಮೀನು ತೇಲಿದ ಸುದ್ದಿ ಒಂದೆರಡು ಸಲದ್ದಲ್ಲ. ಕೊಲ್ಹಾಪುರದಿಂದ ಕೆಳಗೆ ಊರುಗಳ ಗಟಾರದ ನೀರು, ಕಾರ್ಖಾನೆಗಳ ಹೊಲಸು, ಬಣ್ಣದ ನೀರು ಸೇರಿ ಹೊಳೆ ಕಪ್ಪಾಗುತ್ತದೆ. ಶುದ್ಧ ನೀರು ಹಿಡಿದಿಡಲು ಹುಟ್ಟಿದ ಉಪಾಯ ಹೊಲಸನ್ನು ಹಿಡಿದಿಡುವ ಕಟ್ಟೆಯಾಗಿದೆ. ನಾತ ತಾಳದೆ ಹಲಗೆ ಎತ್ತಿದರೆ ಆ ನೀರು ನರಸೋಬಾನವಾಡಿಯಲ್ಲಿ ಕೃಷ್ಣೆಗೆ ಸೇರಿ, ರಾಜಾಪುರ ಬಾಂದಾರ ದಾಟಿ ಕಲ್ಲೋಳ, ಯಡೂರಿನ ಕಡೆಗೆ ಹೊರಡುತ್ತದೆ. ಇಚಲಕರಂಜಿಯ ಕನ್ನಡ ಮನೆತನಗಳ ಬೀಗರು ಇರುವುದು ಅಲ್ಲೇ. ಇಲ್ಲಿ ಹಾಲುಮತದವರೋ ಲಿಂಗಾಯತರೋ ಜೈನರೋ, ಮಗ್ಗದ ಮನೆಯವರೋ ಹೊಲದ ಮನೆಯವರೋ, ಎಲ್ಲರ ಹೊಲಸೂ ತಮ್ಮ ತಂಗಿಯ ಮನೆಯ ಹೊಳೆಗೇ ಇಳಿಯುತ್ತದೆ. ಇದನ್ನು ಗಡಿ ವಾದ ಎಂದು ಕರೆಯಲು ಬರುವುದಿಲ್ಲ.

ಮಾಡಬಹುದಾದದ್ದು ಏನೂ ಇಲ್ಲವೇ? ಮಹಾಪೂರದ ಲೆಕ್ಕ ಹೇಳಲು ಎಲ್ಲರೂ ಒಪ್ಪಿದ ಒಂದು ಅಳತೆ ಇದೆ. ಕಸಬಾ ಬಾವಡಾದ ರಾಜಾರಾಮ ಬಾಂದಾರದಲ್ಲಿ 39 ಅಡಿ ಎಂದರೆ ಎಚ್ಚರಿಕೆ, 43 ಎಂದರೆ ಅಪಾಯ. 2019 ಮತ್ತು 2021ರಲ್ಲಿ ನೀರು 55 ಅಡಿ ದಾಟಿತ್ತು. ಕೊಲ್ಹಾಪುರದ ಅಂಗಡಿಕಾರನಿಂದ ಹಿಡಿದು ಶಿರೋಳದ ಹೈನುಗಾರನವರೆಗೆ ಎಲ್ಲರೂ ಈ ಅಂಕಿ ಕೇಳಿಯೇ ಸಾಮಾನು ಎತ್ತುತ್ತಾರೆ, ಎಮ್ಮೆ ಬಿಚ್ಚುತ್ತಾರೆ. ಬೇಸಿಗೆಗೂ ಇಂಥದ್ದೇ ಒಂದು ಲೆಕ್ಕ ಇರಬಾರದೇಕೆ? ಯಾವ ಬಾಂದಾರದಲ್ಲಿ ಎಷ್ಟು ಹಲಗೆ ಇವೆ, ಯಾವತ್ತು ಎತ್ತುತ್ತಾರೆ, ಅಲ್ಲಿಯ ನೀರು ದನ ಕುಡಿಯಲು ಯೋಗ್ಯವೇ ಎಂಬುದನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆದ ಒಂದು ಫಲಕ ಹಾಕಲು ಯಾವ ಸುಪ್ರೀಂ ಕೋರ್ಟೂ ಬೇಕಾಗಿಲ್ಲ. ಹಲಗೆ ಎತ್ತುವ ಮುನ್ನ ಕೆಳಗಿನ ಗ್ರಾಮ ಪಂಚಾಯ್ತಿಗೆ ಒಂದು ಫೋನ್ ಮಾಡಲೂ ಬೇಕಾಗಿಲ್ಲ. ಮಲಿಕವಾಡ, ದತ್ತವಾಡಗಳ ನಡುವೆ ಹೊಳೆಯೊಂದೇ ಅಡ್ಡ. ಇಲಾಖೆಗಳು ಮಾತ್ರ ಎರಡು ರಾಜ್ಯದವು.

ಎರಡೂ ದಂಡೆಯ ಪಂಚಾಯ್ತಿ, ನೀರು ಎತ್ತುವ ಸಹಕಾರಿ ಸಂಘ, ನೀರಾವರಿ ಇಲಾಖೆಯ ಸ್ಥಳೀಯ ಸಿಬ್ಬಂದಿ ವರ್ಷಕ್ಕೆ ಎರಡು ಸಲ ಕೂತರೂ ಸಾಕು. ಹಲಗೆ ಬೀಳುವುದು ಅಕ್ಟೋಬರ್‌ನಲ್ಲಿ. ಸಭೆ ಸೆಪ್ಟೆಂಬರ್‌ನಲ್ಲಿ ಆಗಬೇಕು. ತೆಗೆಯುವ ಮಾತಿಗೆ ಏಪ್ರಿಲ್ ಕೊನೆಯ ವಾರ, ಮೇ ದಾಟಿದ ಮೇಲೆ ಅಲ್ಲ.