ತೆರೆದ ಬಾಗಿಲು, ತೆರೆಯಬೇಕಾದ ಅಂತರಂಗ

ಪೂಜಾಸ್ಥಳವೆಂದೊಡನೆ ಕಣ್ಣು ಮೂರ್ತಿಯನ್ನೋ ಪೀಠವನ್ನೋ ದೀಪವನ್ನೋ ಅರಸುವುದು ಸಹಜ. ಅರಸುವ ಕಣ್ಣಿಗೆ ಏನೂ ದೊರೆಯದ ಪೂಜಾಸ್ಥಳವೂ ಉಂಟು. ಇಂಗ್ಲೆಂಡಿನಲ್ಲಿ ಪ್ರತಿವರ್ಷ ಸೆಪ್ಟೆಂಬರ್ ತಿಂಗಳಲ್ಲಿ ‘ಹೆರಿಟೇಜ್ ಓಪನ್ ಡೇಸ್’ ಎಂಬ ಹೆಸರಿನಲ್ಲಿ ಹಳೆಯ ಕಟ್ಟಡಗಳನ್ನು ಸಾರ್ವಜನಿಕರಿಗೆ ಉಚಿತವಾಗಿ ತೆರೆದಿಡುವ ಪದ್ಧತಿಯಿದೆ. 1994ರಲ್ಲಿ ಆರಂಭವಾದ ಈ ಉತ್ಸವದಲ್ಲಿ ಕ್ವೇಕರ್ ಪಂಥದವರ ಹಲವು ಸಭಾಗೃಹಗಳೂ ಬಾಗಿಲು ತೆರೆಯುತ್ತವೆ. ಒಳಹೊಕ್ಕವರಿಗೆ ಕಾಣುವುದು ಬರಿಯ ಗೋಡೆ, ಮರದ ಬೆಂಚುಗಳು, ಕಿಟಕಿಯ ಬೆಳಕು, ಅಷ್ಟೆ. ಅಲ್ಲಿ ಬಲಿಪೀಠವಿಲ್ಲ, ಪುರೋಹಿತರಿಲ್ಲ. ನೋಡುವುದೇನೂ ಇಲ್ಲವೆಂದು ಐದು ನಿಮಿಷದಲ್ಲಿ ಹೊರಟುಬಿಡುವುದು ಸುಲಭ. ಹಾಗೆ ಹೊರಟವರು ಕುರುಹಿಲ್ಲದ್ದನ್ನು ಕಂಡರೇ ಹೊರತು ಅಲ್ಲಿಯ ಅರಿವನ್ನು ಕಾಣಲಿಲ್ಲ.

17ನೆಯ ಶತಮಾನದ ಮಧ್ಯಭಾಗದಲ್ಲಿ ಜಾರ್ಜ್ ಫಾಕ್ಸ್ ಮೊದಲಾದವರಿಂದ ಮೂಡಿದ ಈ ಪಂಥದಲ್ಲಿ ಮೌನವೇ ಆರಾಧನೆ. ಸುಮಾರು ಒಂದು ಗಂಟೆ ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ. ಅಂತಃಪ್ರೇರಣೆಯಾದವರು, ಸ್ತ್ರೀಯರಾಗಲಿ ಪುರುಷರಾಗಲಿ, ಎದ್ದು ನಾಲ್ಕು ಮಾತನಾಡಿ ಕುಳಿತುಕೊಳ್ಳುತ್ತಾರೆ. ಕೊನೆಗೆ ಪರಸ್ಪರ ಕೈಕುಲುಕಿದಾಗ ಸಭೆ ಮುಗಿಯುತ್ತದೆ. ಈ ಮೌನಕ್ಕಾಗಿ ಅವರು ತೆತ್ತ ಬೆಲೆ ಸಣ್ಣದಲ್ಲ. 1664 ಮತ್ತು 1670ರ ಶಾಸನಗಳು ಇಂಥ ಕೂಟಗಳನ್ನೇ ಅಪರಾಧವೆಂದು ಸಾರಿದವು. 1682ರಲ್ಲಿ ಬ್ರಿಸ್ಟಲ್ ನಗರದಲ್ಲಿ ಹಿರಿಯರು ಸೆರೆಮನೆ ಸೇರಿದಾಗ ಮಕ್ಕಳೇ ಕೂಡಿ ಸಭೆಯನ್ನು ನಡೆಸಿದರು. ಇಂದು ಸರ್ವರಿಗೂ ತೆರೆದಿರುವ ಬಾಗಿಲಿನ ಹಿಂದೆ ಇಂಥ ನಿಷ್ಠೆಯಿದೆ.

ಆದರೆ ಪೂರ್ವಜರ ನಿಷ್ಠೆಯನ್ನಷ್ಟೇ ತೋರಿಸಿದರೆ ಬಾಗಿಲು ಅರ್ಧ ತೆರೆದಂತೆ. ಬಕಿಂಗ್‌ಹ್ಯಾಮ್‌ಷೈರಿನಲ್ಲಿ 1688ರಲ್ಲಿ ಕಟ್ಟಿದ ಜೋರ್ಡನ್ಸ್ ಸಭಾಗೃಹದ ಬಳಿ ವಿಲಿಯಂ ಪೆನ್ನನ ಸಮಾಧಿಯಿದೆ. ಧರ್ಮಸ್ವಾತಂತ್ರ್ಯಕ್ಕಾಗಿ ಹೋರಾಡಿದವನು, ಪೆನ್ಸಿಲ್ವೇನಿಯವನ್ನು ಸ್ಥಾಪಿಸಿದವನು ಆತ. ಗುಲಾಮರನ್ನು ಇಟ್ಟುಕೊಂಡಿದ್ದವನೂ ಆತನೇ. ಅದೇ ಸಮುದಾಯದ ಬೆಂಜಮಿನ್ ಲೇ ಗುಲಾಮಗಿರಿಯನ್ನು ಖಂಡಿಸಿದಾಗ, ಆತನನ್ನು ತನ್ನವರೇ ಹೊರಹಾಕಿದ್ದರು. 2021ರಲ್ಲಿ ಲಂಡನ್ನಿನ ಫ್ರೆಂಡ್ಸ್ ಹೌಸ್‌ನಲ್ಲಿ ಪೆನ್ನನ ಹೆಸರಿದ್ದ ಕೊಠಡಿಗೆ ಲೇಯ ಹೆಸರನ್ನು ಇಡಲಾಯಿತು.

ಇದನ್ನು ಹಿರಿಯರಿಗೆ ಮಾಡಿದ ಅಗೌರವವೆಂದು ಭಾವಿಸುವವರು ಇರಬಹುದು. ಆ ಭಾವನೆ ಸರಿಯಲ್ಲ. ಹಿರಿಯರ ಗುಣವನ್ನು ಕೊಂಡಾಡುತ್ತ ದೋಷವನ್ನು ಮುಚ್ಚಿಡುವುದು ಭಕ್ತಿಯಲ್ಲ, ವಂಶಾಭಿಮಾನ. ತನ್ನನ್ನು ತಾನು ಒರೆಗೆ ಹಚ್ಚಿಕೊಳ್ಳದ ಮೌನ ಬರಿಯ ನಿಶ್ಶಬ್ದ. ಮೌನದಲ್ಲಿ ಕುಳಿತ ಸಮುದಾಯವೊಂದು ತಡವಾಗಿಯಾದರೂ ತನ್ನ ತಪ್ಪನ್ನು ತಾನೇ ಹೆಸರಿಸಿತೆಂಬುದು ಆ ಮೌನ ಜೀವಂತವಾಗಿದೆ ಎಂಬುದಕ್ಕೆ ಸಾಕ್ಷಿ.

ಆದ್ದರಿಂದ ಇಂಥ ಸಭಾಗೃಹದ ತೆರೆದ ದಿನದಲ್ಲಿ ಅತಿಥಿಗೂ ಆತಿಥೇಯರಿಗೂ ಒಂದೊಂದು ಕರ್ತವ್ಯವಿದೆ. ಅತಿಥಿಯು ಕ್ಯಾಮೆರಾವನ್ನು ಬದಿಗಿಟ್ಟು ಕೆಲಹೊತ್ತು ಬೆಂಚಿನ ಮೇಲೆ ಸುಮ್ಮನೆ ಕುಳಿತುಕೊಳ್ಳಬೇಕು. ಆತಿಥೇಯರು ಕೀರ್ತಿಯ ಜೊತೆಗೆ ಕಳಂಕವನ್ನೂ ಅಳುಕದೆ ಹೇಳಬೇಕು. ಕಟ್ಟಡದ ಬಾಗಿಲನ್ನು ಬೀಗದ ಕೈ ತೆರೆಯುತ್ತದೆ. ಅಂತರಂಗದ ಬಾಗಿಲನ್ನು ಸತ್ಯವೊಂದೇ ತೆರೆಯಬಲ್ಲದು.